ಮೈಕಣ್ಣ ಈಗ ಬಾಗಿಲು ತಟ್ಟುತ್ತಾರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಬೀದಿಯ ಬಾಯಲ್ಲಿ ಒಬ್ಬರು ಸ್ಕೂಟರ್ ಆಫ್ ಮಾಡಿ ಇಳಿಯುತ್ತಾರೆ. ಹಿಂದಿನ ಸೀಟು ಕಿತ್ತು ಹಾಕಿದ ಜಾಗದಲ್ಲಿ ಕಬ್ಬಿಣದ ಪಟ್ಟಿ, ಪಟ್ಟಿಗೆ ಬಿಗಿದ ಮೈಕಿನ ಹಾರ್ನ್. ಅದರ ಬಾಯಿಗೆ ಗೋಣಿಚೀಲ ಸುತ್ತಿ ದಾರ ಕಟ್ಟಿದೆ. ಅವರು ಸ್ಕೂಟರನ್ನು ತಳ್ಳಿಕೊಂಡು ಬಂದು ಮೊದಲ ಮನೆಯ ಮುಂದೆ ಸ್ಟ್ಯಾಂಡ್ ಹಾಕುತ್ತಾರೆ. ಬಾಗಿಲು ತಟ್ಟುತ್ತಾರೆ. ತಟ್ಟಿದ್ದು ಅವರಿಗೇ ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ತಟ್ಟುತ್ತಾರೆ.

"ಅಮ್ಮಾ, ನಾನು. ಇವತ್ತು ನೀರು ತಡ ಆಗುತ್ತೆ. ಪಂಪ್ ಮನೇಲಿ ರಿಪೇರಿ ಅಂತೆ."

"ಗೊತ್ತು," ಎನ್ನುತ್ತದೆ ಒಳಗಿನ ದನಿ.

"ಯಾರು ಹೇಳಿದ್ರು?"

"ನಲ್ಲಿ ಹೇಳ್ತು."

ಪಕ್ಕದ ಮನೆಯಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಸ್ಕೂಟರಿನವರು ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಸ್ಟ್ಯಾಂಡ್ ತೆಗೆದು ಮುಂದಿನ ಮನೆಗೆ ಹೋಗುತ್ತಾರೆ.

ಇವರು ಈ ವಾರ್ಡಿನಿಂದ ನಗರಸಭೆಗೆ ಗೆದ್ದ ಸದಸ್ಯರು. ನಗರಸಭೆಯ ಕಡತಗಳಲ್ಲಿ ಇವರಿಗೊಂದು ಹೆಸರಿದೆ; ಬೀದಿಯಲ್ಲಿ ಎಲ್ಲರಿಗೂ ಇವರು ಮೈಕಣ್ಣ. ಸದಸ್ಯರೆಂದರೆ ಬ್ಯಾನರಿನಲ್ಲಿ ಕೈಮುಗಿದು ನಿಂತವರು, ಗೆದ್ದ ಮೇಲೆ ಕಾರಿನ ಗಾಜು ಇಳಿಸದವರು ಎಂದು ನಂಬಿದವರಿಗೆ ಇವರು ಲೆಕ್ಕಕ್ಕೆ ಸಿಗುವುದಿಲ್ಲ. ಗೆದ್ದ ಮಾರನೆಯ ಬೆಳಿಗ್ಗೆಯಿಂದ ಇವರು ಪ್ರತಿದಿನ ಸ್ಕೂಟರಿನಲ್ಲಿ ವಾರ್ಡು ಸುತ್ತಿ, ಊರಿನ ವಿಷಯವನ್ನು ಮೈಕಿನಲ್ಲಿ ಹೇಳುತ್ತಾ ಬಂದಿದ್ದಾರೆ. ನೀರು ಎಷ್ಟು ಹೊತ್ತಿಗೆ, ಯಾವ ರಸ್ತೆ ಅಗೆಯುತ್ತಾರೆ, ಕಸದ ಗಾಡಿ ಯಾಕೆ ಬರಲಿಲ್ಲ, ನಿನ್ನೆ ಸಭೆಯಲ್ಲಿ ಏನಾಯಿತು. ವಾರ್ಡಿನ ಜನ ಅದನ್ನು "ವರದಿ" ಎನ್ನುತ್ತಾರೆ. ವರದಿ ಕೇಳಿಸಿದ ಮೇಲೆ ಬಕೆಟ್ ಹೊರಗಿಡುವವರು ಇದ್ದಾರೆ. ವರದಿ ಕೇಳಿಸಿದ ಮೇಲೆ ಮಕ್ಕಳನ್ನು ಎಬ್ಬಿಸುವವರೂ ಇದ್ದಾರೆ.

ಕೆಳಬೀದಿ ಮುಗಿದ ಮೇಲೆ ದಿಬ್ಬ ಹತ್ತಿದರೆ ಮೇಲುಬೀದಿ. ಅಲ್ಲಿ ಅವರು ಗೋಣಿಚೀಲ ಬಿಚ್ಚಿ ಮಡಚಿ ಸೀಟಿನ ಕೆಳಗೆ ತುರುಕುತ್ತಾರೆ. ಮೈಕಿಗೆ ಕರವಸ್ತ್ರ ಸುತ್ತಿ ಒಮ್ಮೆ ಕೆಮ್ಮುತ್ತಾರೆ. ಬಾಗಿಲು ತಟ್ಟುವಾಗ ಕುಗ್ಗಿಹೋಗಿದ್ದ ಮನುಷ್ಯ ಇವರೇನಾ ಎನಿಸುವಂಥ ದನಿ ಹೊರಡುತ್ತದೆ.

"ನಮಸ್ಕಾರ. ನಿಮ್ಮ ಸದಸ್ಯ ಮಾತಾಡ್ತಿದ್ದೀನಿ. ಇವತ್ತು ನೀರು ತಡ. ಶಾಲೆ ಹಿಂದಿನ ಬೀದಿದೀಪದ ಕೆಲಸಕ್ಕೆ ನಿನ್ನೆ ಸಭೇಲಿ ಒಪ್ಪಿಗೆ ಸಿಕ್ತು. ಅಧ್ಯಕ್ಷರ ಹೊಸ ಕಾರಿನ ವಿಷಯಾನೂ ಬಂತು. ನಾನು ಕೈ ಎತ್ತಲಿಲ್ಲ. ಆದರೂ ಪಾಸಾಯ್ತು."

ಯಾವುದಕ್ಕೆ ಕೈ ಎತ್ತಿದೆ, ಯಾವುದಕ್ಕೆ ಎತ್ತಲಿಲ್ಲ ಎಂದು ಹೇಳುವುದು ಇವರ ಕ್ರಮ. ಉಳಿದ ಸದಸ್ಯರಿಗೆ ಅದು ಹಿಡಿಸುವುದಿಲ್ಲ. "ಸಭೇಲಿ ಆಕಳಿಸಿದ್ರೂ ಇವನು ಬೆಳಿಗ್ಗೆ ಊರಿಗೆಲ್ಲ ಹೇಳ್ತಾನೆ" ಎಂದು ಒಬ್ಬರು ದೂರಿದ್ದುಂಟು. ಆಕಳಿಸಿದ್ದನ್ನು ಇವರು ನಿಜಕ್ಕೂ ಹೇಳಿದ್ದರು.

ಮೈಕಣ್ಣ ಮೊದಲು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಸಭೆ ಸಮಾರಂಭಕ್ಕೆ ಸೆಟ್ ಹಾಕುವುದು, ಚುನಾವಣೆ ಬಂದರೆ ಆಟೋದಲ್ಲಿ ಕೂತು ಅಭ್ಯರ್ಥಿಯ ಪರ ಕೂಗುವುದು. ಮನೆಯಷ್ಟೆತ್ತರದ ಸೌಂಡ್ ಬಾಕ್ಸ್ ಇಟ್ಟುಕೊಂಡವರು ಬಂದ ಮೇಲೆ ಇವರ ಹಾರ್ನನ್ನು ಕೇಳುವವರೇ ಇಲ್ಲವಾದರು. "ಒಂದು ಸಲ ಮೂರು ಪಕ್ಷದವರಿಗೂ ನಾನೇ ಕೂಗಿದೆ. ಬೆಳಿಗ್ಗೆ ಒಬ್ರಿಗೆ, ಮಧ್ಯಾಹ್ನ ಒಬ್ರಿಗೆ, ಸಂಜೆ ಇನ್ನೊಬ್ರಿಗೆ. ಕೊನೆಗೆ ಜನಕ್ಕೆ ಯಾರ ಹೆಸರೂ ನೆನಪಿರಲಿಲ್ಲ, ನನ್ನ ಗಂಟಲೊಂದೇ ನೆನಪಿತ್ತು. ಮುಂದಿನ ಸಲ ನಾನೇ ನಿಂತೆ," ಎನ್ನುತ್ತಾರೆ.

ಅವರ ಮನೆಯ ಮುಂಗೋಣೆಯಲ್ಲಿ ಹಳೆಯ ಆಂಪ್ಲಿಫೈಯರುಗಳು ಒಂದರ ಮೇಲೊಂದು ಕೂತಿವೆ. ಸ್ಪೀಕರ್ ಪೆಟ್ಟಿಗೆಯ ಮೇಲೆ ಮಿಕ್ಸಿ. ಇನ್ನೊಂದು ಪೆಟ್ಟಿಗೆಯ ಹೊಟ್ಟೆ ಬಗೆದು ಅದರಲ್ಲಿ ಈರುಳ್ಳಿ ತುಂಬಿಟ್ಟಿದ್ದಾರೆ. ಹೆಂಡತಿ, ಲೇಖನ ಬರೆಯಲು ಬಂದ ನಮಗೂ ಚಹಾ ತಂದು ಕೊಡುತ್ತಾ ಗಂಡನ ಬಗ್ಗೆ ಗಂಡನ ಎದುರೇ ಹೇಳುತ್ತಾರೆ: "ಮೈಕ್ ಕೈಲಿದ್ರೆ ಮಾತ್ರ ಇವರಿಗೆ ಮಾತು. ಇಲ್ಲಾಂದ್ರೆ ಬಾಯಿಗೆ ಬೀಗ. ಮದುವೆಯಾದ ಹೊಸದ್ರಲ್ಲಿ ಉಪ್ಪು ಬೇಕಾದ್ರೂ ಕೇಳ್ತಿರಲಿಲ್ಲ, ಸಪ್ಪೆ ಸಾರೇ ಉಂಡು ಏಳ್ತಿದ್ರು. ಮೈಕ್ ತಂದು ಕೊಡ್ಲೇನ್ರೀ ಅಂತ ನಾನೇ ಕೇಳಿದ್ದೆ."

ಮೈಕಣ್ಣ ಚಹಾದ ಲೋಟ ನೋಡುತ್ತಾ ಕೂರುತ್ತಾರೆ. ತಮಾಷೆಗೆ ಹೇಳಿದ್ದು ಅವರಿಗೆ ತಮಾಷೆಯಾಗಿ ಕೇಳಿಸುತ್ತಿಲ್ಲ. ಯಾಕೆಂದು ತಿಳಿಯಬೇಕಾದರೆ ಕೆಳಬೀದಿಯ ಕೊನೆಗೆ ಹೋಗಬೇಕು.

ಕೊನೆಯಲ್ಲಿ ದೊಡ್ಡ ಮೋರಿ ಇದೆ. ಮೋರಿಯ ದಡಕ್ಕೆ ಅಂಟಿಕೊಂಡು ಸಾಲು ಮನೆಗಳು. ಪ್ರತಿ ಮನೆಯವರೂ ಹಿಂಬದಿಗೆ, ಮೋರಿಯ ಮೇಲೆ ಚಾಚಿಕೊಂಡಂತೆ ಒಂದು ಕೋಣೆ ಎಬ್ಬಿಸಿಕೊಂಡಿದ್ದರು. ಆ ಕೋಣೆಯಲ್ಲೇ ಅವರ ದುಡಿಮೆ. ಒಬ್ಬರದು ಇಸ್ತ್ರಿ, ಒಬ್ಬರದು ಸೈಕಲ್ ರಿಪೇರಿ, ಒಬ್ಬಾಕೆಯದು ಹೊಲಿಗೆ. ಮಳೆ ಬಂದಾಗ ಮೋರಿ ಉಕ್ಕಿ ಊರ ತಗ್ಗಿಗೆಲ್ಲ ನುಗ್ಗುತ್ತಿತ್ತು. ಮೋರಿ ಅಗಲ ಮಾಡಬೇಕು, ಆ ಕೋಣೆಗಳನ್ನು ಕೆಡವಬೇಕು ಎಂದು ನಗರಸಭೆ ತೀರ್ಮಾನಿಸಿತು. ಅದಕ್ಕೆ ಮೈಕಣ್ಣ ಕೈ ಎತ್ತಿದ್ದರು. ಎತ್ತಿದ್ದೇನೆಂದು ಹೇಳಿದ್ದರು ಕೂಡ. ಕೆಳಬೀದಿ ಅದಕ್ಕೆ ಬೈಯಿತು, ಆದರೆ ಒಪ್ಪಿಕೊಂಡಿತು. ಗುರುವಾರ ಕೆಡವುತ್ತಾರೆ, ಬುಧವಾರದೊಳಗೆ ಸಾಮಾನು ತೆಗೆದುಕೊಳ್ಳಿ ಎಂದು ಇವರು ವಾರವಿಡೀ ಮೈಕಿನಲ್ಲಿ ಹೇಳಿದರು.

ಬುಲ್ಡೋಜರ್ ಬಂದದ್ದು ಮಂಗಳವಾರ.

ಸೋಮವಾರ ಸಂಜೆ ಮೈಕಣ್ಣ ಚಹಾದಂಗಡಿಯಲ್ಲಿದ್ದಾಗ ನಗರಸಭೆಯ ಜವಾನ ಬಂದು ಕಿವಿಯಲ್ಲಿ ಹೇಳಿದ: "ಅಣ್ಣಾ, ನಾಳೆ ಬೆಳಿಗ್ಗೆನೇ ಅಂತೆ. ಗುರುವಾರಕ್ಕೆ ಪೊಲೀಸ್ ಸಿಗಲ್ವಂತೆ." ಇವರು ಎಂಜಿನಿಯರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಎತ್ತಲಿಲ್ಲ. ಬೆಳಿಗ್ಗೆ ವರದಿಯಲ್ಲಿ ಹೇಳಿದರಾಯಿತು ಎಂದು ಮನೆಗೆ ಹೋದರು.

ಸಂಜೆ ಯಾಕೆ ಮೈಕ್ ಹಾಕಲಿಲ್ಲ? ಅದಕ್ಕೊಂದು ನಿಯಮವಿತ್ತು. ಗೆದ್ದ ಹೊಸತರಲ್ಲಿ ಇವರು ಹೊತ್ತುಗೊತ್ತಿಲ್ಲದೆ ಕೂಗುತ್ತಿದ್ದರು. ಮೇಲುಬೀದಿಯವರು, ಮಕ್ಕಳಿಗೆ ಓದಲಾಗುವುದಿಲ್ಲ ಎಂದು ತಕರಾರು ತೆಗೆದರು. ಅಲ್ಲಿನ ನಿವೃತ್ತ ಮೇಷ್ಟ್ರು ಇವರನ್ನು ಕರೆಸಿ ಕೂರಿಸಿಕೊಂಡು, ದಿನಕ್ಕೊಂದೇ ಸಲ, ಬೆಳಿಗ್ಗೆ ಮಾತ್ರ ಎಂದು ಮಾತು ತೆಗೆದುಕೊಂಡರು. ಅಂದಿನಿಂದ ಇವರು ಆ ಮಾತು ಮೀರಿರಲಿಲ್ಲ. ಮೇಷ್ಟ್ರು ಸಿಕ್ಕವರಿಗೆಲ್ಲ, "ನಮ್ಮ ಸದಸ್ಯನದು ಒಂದೇ ಮಾತು" ಎಂದು ಹೊಗಳುತ್ತಿದ್ದರು. ಹೊಗಳಿಕೆ ಇವರಿಗೆ ಹಿತವಾಗಿತ್ತು.

ಆಗ ವರದಿ ಶುರುವಾಗುತ್ತಿದ್ದುದು ಮೇಲುಬೀದಿಯಿಂದ. ಕೆಳಬೀದಿ ಕೊನೆಗೆ. ಹಾಗೆಂದು ಯಾರೂ ಹೇಳಿರಲಿಲ್ಲ. ಸ್ಕೂಟರ್ ಇಳಿಜಾರಿಗೆ ಸಲೀಸಾಗಿ ಬರುತ್ತದೆ ಎಂದು ಇವರೇ ಮಾಡಿಕೊಂಡ ದಾರಿ. ಮಂಗಳವಾರ ಬೆಳಿಗ್ಗೆ ಇವರು ಮೇಲುಬೀದಿಯ ಗೇಟುಗಳ ಮುಂದೆ, "ಕೆಳಬೀದಿಯವರ ಗಮನಕ್ಕೆ, ಇವತ್ತೇ ಕೆಡವೋಕೆ ಬರ್ತಾರೆ, ದಯವಿಟ್ಟು ಸಾಮಾನು ತೆಗೀರಿ" ಎಂದು ಕೂಗುತ್ತಾ ನಿಧಾನಕ್ಕೆ ಬರುತ್ತಿದ್ದರು. ಇಳಿಜಾರಿಗೆ ತಿರುಗಿದಾಗ ಎದುರಿಗೆ ಧೂಳು ಕಂಡಿತು.

ಬುಲ್ಡೋಜರ್ ಸದ್ದಿನಲ್ಲಿ ಕೆಳಬೀದಿಗೆ ಮೈಕ್ ಕೇಳಿಸಿರಲಿಲ್ಲ. ಮೇಲುಬೀದಿಗೆ ಚೆನ್ನಾಗಿ ಕೇಳಿಸಿತ್ತು.

ಹೊಲಿಗೆಯಾಕೆಯನ್ನು ಕೆಳಬೀದಿಯಲ್ಲಿ ಎಲ್ಲರೂ ಟೈಲರಕ್ಕ ಎನ್ನುತ್ತಾರೆ. ಆಕೆಯ ಮೆಷಿನ್ ಗೋಡೆಯಡಿ ಸಿಕ್ಕಿ ಚಕ್ರ ಸೊಟ್ಟಗಾಯಿತು. ಮೇಲುಬೀದಿಯವರು ಹೊಲಿಯಲು ಕೊಟ್ಟಿದ್ದ ಬಟ್ಟೆಗಳ ಗಂಟು ಮೋರಿಗೆ ಬಿತ್ತು. ಈಗ ಆಕೆ ಅಡುಗೆಮನೆಯ ನೆಲದಲ್ಲಿ ಕೂತು ಕೈಹೊಲಿಗೆ ಹಾಕುತ್ತಾರೆ. ಕೊರಳಲ್ಲಿ ಅಳತೆ ಟೇಪು ಹಾಗೆಯೇ ಇದೆ. ಹಿಂಬಾಗಿಲಿಗೆ ಅಡ್ಡಲಾಗಿ ಹಲಗೆ ಹೊಡೆದಿದ್ದಾರೆ. ಅದನ್ನು ತೆರೆದರೆ ನೇರ ಮೋರಿ.

"ಬುಧವಾರ ತೆಗೆಯೋಣ ಅಂತಿದ್ದೆ," ಎನ್ನುತ್ತಾರೆ ಟೈಲರಕ್ಕ. "ಇವನು ಗುರುವಾರ ಅಂದಿದ್ನಲ್ಲ. ಇವನು ಹೇಳಿದ್ಮೇಲೆ ಮುಗೀತು, ಇನ್ನೊಬ್ರನ್ನ ಕೇಳೋ ಅಭ್ಯಾಸಾನೇ ನಮಗೆ ತಪ್ಪಿಹೋಗಿತ್ತು. ಇವನ ವರದಿ ಇಲ್ದಿದ್ರೆ ಒಬ್ಬರಾದ್ರೂ ಆಫೀಸಿಗೆ ಹೋಗಿ ವಿಚಾರಿಸ್ತಿದ್ವಿ."

ಜವಾನ ಮುಂಚೆಯೇ ತಿಳಿಸಿದ್ದನೆಂಬುದು ಆಮೇಲೆ ಚಹಾದಂಗಡಿಯಿಂದ ಕೆಳಬೀದಿಯವರ ಕಿವಿಗೆ ಬಿತ್ತು. ಟೈಲರಕ್ಕ ಮೈಕಣ್ಣನ ಮನೆಗೆ ಹೋದರು. ಒಳಗೆ ಬನ್ನಿ ಎಂದರೂ ಹೋಗಲಿಲ್ಲ. ಇವರು ಹೊಸ್ತಿಲಲ್ಲಿ ನಿಂತು ನಿಯಮದ ವಿಷಯ ಹೇಳಿದರು, ಎಂಜಿನಿಯರ್ ಫೋನ್ ಎತ್ತದ ವಿಷಯ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಮೈಕ್ ಇಲ್ದಿದ್ರೆ ನಿಂಗೆ ಬಾಯಿಲ್ವಾ?"

ಇದನ್ನು ಹೇಳುವಾಗ ಮೈಕಣ್ಣ ಚಹಾದ ಲೋಟ ಕೆಳಗಿಡುತ್ತಾರೆ. "ಆಣೆ ಮಾಡಿ ಹೇಳ್ತೀನಿ, ನಡ್ಕೊಂಡು ಹೋಗಿ ಹೇಳಬಹುದು ಅಂತ ನಂಗೆ ಹೊಳೀಲೇ ಇಲ್ಲ. ಚಹಾದಂಗಡಿಯಿಂದ ಕೆಳಬೀದಿಗೆ ಎಷ್ಟು ದೂರ ನೀವೇ ನೋಡಿದ್ದೀರಲ್ಲ. ಹೇಳೋದು ಅಂದ್ರೆ ನಂಗೆ ಮೈಕೇ. ಒಬ್ಬರ ಬಾಗಿಲ ಮುಂದೆ ನಿಂತು, ಮುಖ ನೋಡಿ, ನಿಮ್ಮ ಕೋಣೆ ನಾಳೆ ಬೀಳುತ್ತೆ ಅನ್ನೋಕೆ… ಮೈಕ್ ಇದ್ರೆ ಯಾರ ಮುಖಾನೂ ನೋಡ್ಬೇಕಾಗಿಲ್ಲ, ಅದೇ ಸುಖ ಇತ್ತೇನೋ."

ಕೆಳಬೀದಿಯವರು ಅಂದೇ ಒಂದು ಕಟ್ಟಪ್ಪಣೆ ಮಾಡಿದರು: ನಮ್ಮ ಬೀದಿಯಲ್ಲಿ ಮೈಕ್ ಬೇಡ, ಹೇಳುವುದಿದ್ದರೆ ಬಂದು ಮುಖ ನೋಡಿ ಹೇಳು. ಗೋಣಿಚೀಲ ಬಂದದ್ದು ಹೀಗೆ. ಸುತ್ತುವ ದಾರಿ ತಲೆಕೆಳಗಾದದ್ದೂ ಹೀಗೆ.

ಇಷ್ಟಕ್ಕೇ ಮುಗಿದಿದ್ದರೆ ಇವರ ಪಾಲಿನ ನಾಚಿಕೆ ಅರ್ಧದಷ್ಟೇ ಆಗಿರುತ್ತಿತ್ತು. ಮೇಲುಬೀದಿಯವರು ಆ ಬೆಳಿಗ್ಗೆ ತಮ್ಮ ಕಿವಿಯಾರೆ ಎಚ್ಚರಿಕೆ ಕೇಳಿದ್ದರು. ಹಾಗಾಗಿ ಅವರ ಪ್ರಕಾರ ತಪ್ಪೆಲ್ಲ ಕೆಳಬೀದಿಯದು. ಸದಸ್ಯ ಬಾಯಿ ಬಡಿದುಕೊಂಡರೂ ಆ ಜನ ಕಿವಿಗೆ ಹಾಕಿಕೊಳ್ಳಲಿಲ್ಲ, ಹಠ ಹಿಡಿದು ಕೂತರು. ಬಟ್ಟೆ ಕೇಳಲು ಬಂದವರು ಟೈಲರಕ್ಕನಿಗೆ ಇದನ್ನೇ ಹೇಳಿದರು: "ನಾವೇ ಕೇಳಿಸ್ಕೊಂಡ್ವಲ್ಲಮ್ಮ, ನಿಮಗೆ ಹೇಗೆ ಕೇಳಿಸ್ಲಿಲ್ಲ?" ಕೆಲವರು ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು. ಮೇಷ್ಟ್ರು ಮೈಕಣ್ಣನ ಬೆನ್ನು ತಟ್ಟಿ, ನಿನ್ನ ಕರ್ತವ್ಯ ನೀನು ಮಾಡಿದೆ ಎಂದರು.

ಮೈಕಣ್ಣ ಪ್ರತಿ ಬೆಳಿಗ್ಗೆ ಊರಿನ ಸುದ್ದಿಯೆಲ್ಲ ಹೇಳಿದರು. ಆಕಳಿಸಿದವರ ಸುದ್ದಿಯನ್ನೂ ಬಿಡದವರು ಸೋಮವಾರದ ಸುದ್ದಿಯೊಂದನ್ನು ಮಾತ್ರ ಬಿಟ್ಟರು.

"ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ," ಎನ್ನುತ್ತಾರೆ. ಆಮೇಲೆ ತಾವೇ ತಿದ್ದುತ್ತಾರೆ: "ಕೇಳ್ಲಿಲ್ಲ ಅನ್ನೋದು ನೆಪ. ಹೇಳಿದ್ರೆ ಮೇಷ್ಟ್ರ ಮುಂದೆ ತಲೆ ಎತ್ತೋದು ಹೇಗೆ ಅನ್ನಿಸ್ತು. ಟೈಲರಕ್ಕನ ಮುಂದೆ ತಲೆ ಎತ್ತೋಕೆ ಆಗ್ತಿಲ್ಲವಲ್ಲ, ಅದು ಅಷ್ಟೊಂದು ಚುಚ್ಚಲಿಲ್ಲ. ಅದೇ ನಂಗೆ ಅಸಹ್ಯ."

ಈ ವಾರ ಅದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ. ಕೋಣೆ ಕಳೆದುಕೊಂಡವರಿಗೆ ಹಳೆಯ ಮಾರುಕಟ್ಟೆ ಕಟ್ಟಡದ ಹಿಂದಿನ ಮಳಿಗೆಗಳನ್ನು ಕೊಡಲು ನಗರಸಭೆ ಒಪ್ಪಿದೆ. ಅದಕ್ಕಾಗಿ ಸಭೆಯಿಂದ ಸಭೆಗೆ ಗಂಟಲು ಹರಿದುಕೊಂಡವರು ಇವರೇ. ಆದರೆ ಶನಿವಾರ ಸಂಜೆಯೊಳಗೆ ಪ್ರತಿಯೊಬ್ಬರೂ ಖುದ್ದಾಗಿ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ಹೋಗದವರ ಮಳಿಗೆ ಹರಾಜಿಗೆ ಹೋಗುತ್ತದೆ. ಹರಾಜಿಗೆ ಕಾದು ಕೂತವರು ಬೇಕಾದಷ್ಟು ಮಂದಿ.

ಬುಧವಾರದಿಂದ ಇವರು ಬಾಗಿಲು ಬಾಗಿಲಿಗೆ ಇದನ್ನು ಹೇಳುತ್ತಿದ್ದಾರೆ. ಕೆಳಬೀದಿ ಮಿಸುಕುತ್ತಿಲ್ಲ. ಟೈಲರಕ್ಕ ಕಾರಣವನ್ನು ಬಾಗಿಲಲ್ಲೇ ನಿಂತು ಹೇಳುತ್ತಾರೆ.

"ಹೋದ ಸಲ ಗುರುವಾರ ಅಂದೆ. ಈ ಸಲ ಶನಿವಾರ ಅಂತೀಯ. ನಾವೆಲ್ಲ ಮನೆ ಬಿಟ್ಟು ಆಫೀಸಿಗೆ ಹೋಗ್ತೀವಿ, ಇಲ್ಲಿ ಉಳಿದ ಗೋಡೆಗೆ ಬುಲ್ಡೋಜರ್ ಬರುತ್ತೆ. ನಿಂಗೆ ಅದು ಗೊತ್ತಿರುತ್ತೋ ಇಲ್ವೋ, ಗೊತ್ತಿದ್ರೂ ಮಾರನೆ ಬೆಳಿಗ್ಗೆ ಹೇಳ್ತೀಯ."

"ಇಲ್ಲಕ್ಕಾ. ಈ ಸಲ ಹಂಗಾಗಲ್ಲ."

"ಅದನ್ನ ಹೇಳೋಕೆ ನೀನ್ಯಾರು? ಬುಲ್ಡೋಜರ್ ನಿಂದಾ?"

ಇವರು ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತಿರುತ್ತಾರೆ. ಆಕೆ ಬಾಗಿಲು ಮುಚ್ಚಲು ಹೋಗಿ ಮತ್ತೆ ತೆರೆಯುತ್ತಾರೆ. "ಮೇಲುಬೀದೀಲಿ ದಿನಾ ಮೈಕ್ ಹಿಡ್ಕೊಂಡು ನಿಲ್ತೀಯಲ್ಲ. ಸೋಮವಾರನೇ ಗೊತ್ತಿತ್ತು ಅಂತ ಅಲ್ಲಿ ಒಂದಿನ ಹೇಳು ನೋಡೋಣ. ಆಮೇಲೆ ನಮಗೆ ಸತ್ಯ ಹೇಳೋಕೆ ಬಾ."

ಶುಕ್ರವಾರ ಬೆಳಿಗ್ಗೆ ಮೈಕಣ್ಣ ಮೇಲುಬೀದಿಯ ನಡುವೆ ಸ್ಕೂಟರ್ ನಿಲ್ಲಿಸುತ್ತಾರೆ. ಗೋಣಿಚೀಲದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯುತ್ತದೆ. ಕೆಮ್ಮುತ್ತಾರೆ. ನೀರಿನ ಸುದ್ದಿ ಹೇಳುತ್ತಾರೆ, ಬೀದಿದೀಪದ ಸುದ್ದಿ ಹೇಳುತ್ತಾರೆ. ಮೈಕ್ ಕೆಳಗಿಳಿಸುತ್ತಾರೆ. ಮತ್ತೆ ಎತ್ತುತ್ತಾರೆ.

"ಇನ್ನೊಂದು ಸುದ್ದಿ ಉಳಿದಿದೆ. ಮೋರಿ ಪಕ್ಕದ ಕೋಣೆಗಳನ್ನ ಮಂಗಳವಾರನೇ ಕೆಡವ್ತಾರೆ ಅಂತ ನಂಗೆ ಸೋಮವಾರ ಸಂಜೆನೇ ತಿಳಿದಿತ್ತು. ನಾನು ಹೋಗಿ ಹೇಳ್ಲಿಲ್ಲ. ಬೆಳಿಗ್ಗೆ ನಿಮಗೆ ಮೊದಲು ಹೇಳಿದೆ. ಕೆಳಬೀದಿಯವರಿಗೆ ನನ್ನ ಮಾತು ತಲುಪಲೇ ಇಲ್ಲ. ಅವರು ಹಠ ಮಾಡಿದ್ದಲ್ಲ. ಟೈಲರಕ್ಕ ನಿಮ್ಮ ಬಟ್ಟೆ ಕಳೆದದ್ದಲ್ಲ, ಕಳೆದದ್ದು ನಾನು. ಇಷ್ಟು ದಿನ ಇದನ್ನ ಮುಚ್ಚಿಟ್ಟಿದ್ದೆ. ಅದೂ ನನ್ನ ತಪ್ಪೇ."

ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಮೇಷ್ಟ್ರು ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡೇ ಗೇಟಿಗೆ ಬರುತ್ತಾರೆ.

"ಏನಪ್ಪಾ ಇದು? ಮುಗಿದುಹೋದ ವಿಷಯ, ಈಗ್ಯಾಕೆ ಕೆದಕ್ತೀಯ? ನಿನ್ನ ಮರ್ಯಾದೆ ನೀನೇ ಕಳ್ಕೊಳ್ತೀಯಲ್ಲ."

"ಮುಗಿದಿಲ್ಲ ಮೇಷ್ಟ್ರೇ. ಅವರ ಹಿಂಬಾಗಿಲು ತೆಗೆದು ನೋಡಿ, ಎಲ್ಲಿ ಮುಗಿದಿದೆ?"

ಮೇಷ್ಟ್ರು ಬಾಯಲ್ಲಿದ್ದುದನ್ನು ಉಗುಳಿ ಒಳಗೆ ಹೋಗುತ್ತಾರೆ. ಬೆನ್ನು ತಟ್ಟುವುದಿಲ್ಲ. ಮೈಕ್ ಆನ್ ಆಗಿಯೇ ಇದ್ದುದರಿಂದ ಈ ಮಾತುಕತೆಯೂ ವಾರ್ಡಿಗೆಲ್ಲ ಕೇಳಿಸಿದೆ. ಕೆಳಬೀದಿಗೂ.

ಕೇಳಿಸಿತೆಂದು ಅಲ್ಲಿ ಯಾರೂ ಕಣ್ಣೀರಿಡುವುದಿಲ್ಲ. ಅವರು ಮಾಡುವುದು ಬೇರೆ. ಅಂದೇ ಮಧ್ಯಾಹ್ನ ಟೈಲರಕ್ಕ ಮತ್ತು ಸೈಕಲ್ ರಿಪೇರಿಯವನು ಆಫೀಸಿಗೆ ಹೋಗಿ ವಿಚಾರಿಸುತ್ತಾರೆ. ಮಾರುಕಟ್ಟೆಯ ಹಿಂದಕ್ಕೆ ಹೋಗಿ, ಮಳಿಗೆಗಳು ನಿಜವಾಗಿಯೂ ಇವೆಯೇ, ಬಾಗಿಲಿದೆಯೇ, ಸೂರು ಸೋರುತ್ತದೆಯೇ ಎಂದು ನೋಡಿಕೊಂಡು ಬರುತ್ತಾರೆ. ಶನಿವಾರ ಬೀದಿ ಎರಡು ಪಾಲಾಗುತ್ತದೆ. ಬೆಳಿಗ್ಗೆ ಅರ್ಧ ಜನ ಹೋಗುತ್ತಾರೆ, ಅರ್ಧ ಜನ ಮನೆ ಕಾಯುತ್ತಾರೆ. ಮಧ್ಯಾಹ್ನ ಅದಲುಬದಲು. ಮೈಕಣ್ಣ ಇಡೀ ದಿನ ಬೀದಿಯ ಬಾಯಲ್ಲಿ ಸ್ಕೂಟರ್ ಅಡ್ಡ ನಿಲ್ಲಿಸಿಕೊಂಡು ಕೂತಿರುತ್ತಾರೆ. ಕೂರಿ ಎಂದು ಯಾರೂ ಹೇಳಿರಲಿಲ್ಲ. ಬುಲ್ಡೋಜರ್ ಬಂದಿದ್ದರೆ ಸ್ಕೂಟರಿನಿಂದ ಅದು ನಿಲ್ಲುತ್ತಿರಲೂ ಇಲ್ಲ.

ಸಂಜೆ ಟೈಲರಕ್ಕ ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳುತ್ತಾ ಬರುತ್ತಾರೆ. ಎಲ್ಲರಿಗೂ ಮಳಿಗೆ ಸಿಕ್ಕಿದೆ.

"ನಿನ್ನ ಮಾತು ನಂಬಿ ಹೋಗಿದ್ದಲ್ಲ," ಎನ್ನುತ್ತಾರೆ ನಿಲ್ಲದೆ. "ನಾವೇ ನೋಡ್ಕೊಂಡು ಬಂದು ಹೋದದ್ದು."

"ಸರಿ ಅಕ್ಕಾ."

ಈ ಲೇಖನಕ್ಕೆ ಫೋಟೊ ಬೇಕೆಂದು ಕೇಳಿದರೆ ಮೈಕಣ್ಣ ಒಪ್ಪುವುದಿಲ್ಲ. "ಬರೆಯೋದಾದ್ರೆ ಸೋಮವಾರದ್ದನ್ನೂ ಬರೀರಿ. ಬರೀ ಬೆಳಿಗ್ಗೆ ಬೇಗ ಏಳ್ತಾನೆ ಅಂತ ಬರೆದ್ರೆ ಟೈಲರಕ್ಕ ಆ ಪೇಪರ್ ತಗೊಂಡು ಬಂದು ನನ್ನ ಮುಂದೆ ಹಿಡೀತಾಳೆ." ಮುಂದಿನ ಚುನಾವಣೆಗೆ ನಿಲ್ಲುತ್ತೀರಾ ಎಂದರೆ ತಲೆಯಾಡಿಸುತ್ತಾರೆ, ಹೌದೆಂದೋ ಇಲ್ಲವೆಂದೋ ತಿಳಿಯುವುದಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಮಾತ್ರ ಹೇಳುತ್ತಾರೆ: "ನನ್ನನ್ನ ಯಾರೂ ಸುಮ್ಮನೆ ನಂಬಬಾರದು. ಅಷ್ಟಾದ್ರೆ ಸಾಕು."

ಸೋಮವಾರ ಬೆಳಿಗ್ಗೆ ಮತ್ತೆ ಕೆಳಬೀದಿ. ಮತ್ತೆ ಗೋಣಿಚೀಲ ಕಟ್ಟಿದ ಹಾರ್ನ್. ಈಗ ತಟ್ಟಿದ್ದು ಮೊದಲಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

"ಅಕ್ಕಾ, ನಾನು. ಪಂಪ್ ರಿಪೇರಿ ಮುಗೀತಂತೆ. ಇನ್ನೇನು ನೀರು ಬಿಡ್ತಾರೆ."

ಟೈಲರಕ್ಕ ಬಾಗಿಲನ್ನು ಅರ್ಧ ತೆರೆಯುತ್ತಾರೆ. ಕೊರಳಲ್ಲಿ ಟೇಪು, ಕೈಯಲ್ಲಿ ಖಾಲಿ ಕೊಡ.

"ಯಾರು ಹೇಳಿದ್ದು?"

"ಎಂಜಿನಿಯರ್."

"ನೀನು ನೋಡಿದ್ಯಾ?"

"ಇಲ್ಲ."

"ಹಂಗಾದ್ರೆ ನೋಡ್ಕೊಂಡು ಬಾ."

ಮೈಕಣ್ಣ ಸ್ಟ್ಯಾಂಡ್ ತೆಗೆದು, ಸ್ಕೂಟರನ್ನು ಹಿಂದಕ್ಕೆ ತಿರುಗಿಸಿ, ಪಂಪ್ ಮನೆಯ ಕಡೆ ತಳ್ಳತೊಡಗುತ್ತಾರೆ. ಟೈಲರಕ್ಕ ಕೊಡವನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ಮುಚ್ಚದೆ ನಿಲ್ಲುತ್ತಾರೆ.